ಕಾರು ಬಿಟ್ಟು ಸ್ಕೂಟರ್ ಹತ್ತಿದವನ ಲೆಕ್ಕದ ಪುಸ್ತಕ: ಕೆಲಸದ ಓಡಾಟದಲ್ಲಿ ಪೆಟ್ರೋಲ್ ಉಳಿಸುವ ಸಮಗ್ರ ಮಾರ್ಗದರ್ಶಿ

ನನ್ನ ಸ್ಕೂಟರಿನ ಸೀಟಿನ ಕೆಳಗೆ ಮೂರು ವಸ್ತುಗಳು ಸದಾ ಇರುತ್ತವೆ: ಎರಡು ತುಂಡಿನ ಮಳೆಯಂಗಿ, ಗಾಳಿಯ ಒತ್ತಡ ನೋಡುವ ಬೆರಳುದ್ದದ ಗೇಜ್ ಮತ್ತು ಎಣ್ಣೆಯ ಕಲೆ ಹತ್ತಿದ ನೂರು ಪುಟದ ನೋಟ್‌ಬುಕ್. ಕೆಂಗೇರಿ ಉಪನಗರದ ಮನೆಯಿಂದ ಪೀಣ್ಯದ ಕಾರ್ಖಾನೆಗೆ ಒಂದು ಕಡೆಗೆ 18 ಕಿ.ಮೀ. ವರ್ಷಗಟ್ಟಲೆ ಈ ದಾರಿಯಲ್ಲಿ ಕಾರಿನಲ್ಲಿ ಒಬ್ಬನೇ ಹೋಗಿಬಂದೆ. ನಾಲ್ಕು ಖಾಲಿ ಸೀಟುಗಳಿಗೆ ನಾಯಂಡಹಳ್ಳಿ ಜಂಕ್ಷನ್ನಿನ ಹೊಗೆಯಲ್ಲಿ ದಿನಕ್ಕೆರಡು ಸಲ ಮೆರವಣಿಗೆ ಮಾಡಿಸಿದ್ದೇ ಬಂತು. ಒಂದು ತಿಂಗಳ ಕೊನೆಯಲ್ಲಿ ಪೆಟ್ರೋಲ್ ರಸೀದಿಗಳನ್ನು ಕೂಡಿಸಿ ನೋಡಿದೆ. ಆ ಸಂಜೆಯೇ ತಮ್ಮನ ಸ್ಕೂಟರನ್ನು ಎರಡು ವಾರಕ್ಕೆ ಕಡ ಕೇಳಿದೆ.

ಅಲ್ಲಿಂದ ಕಲಿತದ್ದನ್ನೆಲ್ಲ ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ. ದಿನಕ್ಕೆ 20ರಿಂದ 50 ಕಿ.ಮೀ. ಓಡಾಡುವ, ಹೆಚ್ಚಾಗಿ ಒಬ್ಬರೇ ಪ್ರಯಾಣಿಸುವವರಿಗೆ ಇದು ಹೊಂದುತ್ತದೆ. ಅಂಕಿಗಳು ನನ್ನ ದಾರಿಯವು. ನಿಮ್ಮ ದಾರಿಯ ಅಂಕಿಗಳನ್ನು ಹಾಕಿಕೊಂಡು ಓದಿ.

ಹಂತ 1: ಮೊದಲು ಕಾಗದದ ಮೇಲೆ ಓಡಿಸಿ

ತಿಂಗಳಿಗೆ ಎಷ್ಟು ಕಿ.ಮೀ. ಓಡುತ್ತೀರಿ ಎಂಬುದನ್ನು ಮೈಲೇಜಿನಿಂದ ಭಾಗಿಸಿ, ಬಂದ ಲೀಟರನ್ನು ದರದಿಂದ ಗುಣಿಸಿದರೆ ಖರ್ಚು ಸಿಗುತ್ತದೆ. ನನ್ನದು ದಿನಕ್ಕೆ 36 ಕಿ.ಮೀ., ತಿಂಗಳಿಗೆ 24 ದಿನ, ಒಟ್ಟು 864 ಕಿ.ಮೀ. ಪೆಟ್ರೋಲಿಗೆ ಲೀಟರಿಗೆ 103 ರೂಪಾಯಿ ಹಿಡಿದುಕೊಂಡೆ.

ನನ್ನ ಸಣ್ಣ ಕಾರು ಬೆಂಗಳೂರಿನ ದಟ್ಟಣೆಯಲ್ಲಿ ಲೀಟರಿಗೆ 11 ಕಿ.ಮೀ. ಕೊಡುತ್ತಿತ್ತು. ಅಂದರೆ ತಿಂಗಳಿಗೆ 78.5 ಲೀಟರ್, ಸುಮಾರು 8,090 ರೂಪಾಯಿ. ಅದೇ ದಾರಿಯಲ್ಲಿ 45 ಕಿ.ಮೀ. ಕೊಡುವ 110 ಸಿಸಿ ಸ್ಕೂಟರಿಗೆ 19.2 ಲೀಟರ್ ಸಾಕು, ಸುಮಾರು 1,980 ರೂಪಾಯಿ. 60 ಕಿ.ಮೀ. ಕೊಡುವ 100 ಸಿಸಿ ಮೋಟಾರ್ ಸೈಕಲಿಗೆ 14.4 ಲೀಟರ್, ಸುಮಾರು 1,480 ರೂಪಾಯಿ.

ಇಲ್ಲಿ ಒಂದು ನಿಮಿಷ ನಿಂತು ನೋಡಬೇಕು. ಮೈಲೇಜ್ 11ರಿಂದ 45ಕ್ಕೆ ಏರಿದಾಗ ತಿಂಗಳಿಗೆ 59 ಲೀಟರ್ ಉಳಿಯಿತು. 45ರಿಂದ 60ಕ್ಕೆ ಏರಿದಾಗ ಉಳಿದದ್ದು ಐದು ಲೀಟರೂ ಇಲ್ಲ. ನಾವು ಮೈಲೇಜನ್ನು ಲೀಟರಿಗೆ ಇಷ್ಟು ಕಿ.ಮೀ. ಎಂದು ಹೇಳುವುದರಿಂದ, ಅದು ಏರಿದಷ್ಟೂ ಉಳಿತಾಯವೂ ಅದೇ ಪ್ರಮಾಣದಲ್ಲಿ ಏರುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ತಿರುಗಿಸಿ ಕೇಳಿದರೆ ಕಣ್ಣು ತೆರೆಯುತ್ತದೆ: ಕಾರಿಗೆ 9.1, ಸ್ಕೂಟರಿಗೆ 2.2, ಮೋಟಾರ್ ಸೈಕಲಿಗೆ 1.7. ದೊಡ್ಡ ಉಳಿತಾಯವೆಲ್ಲ ನಾಲ್ಕು ಚಕ್ರದಿಂದ ಎರಡು ಚಕ್ರಕ್ಕೆ ಇಳಿದ ಕ್ಷಣದಲ್ಲೇ ಮುಗಿದಿರುತ್ತದೆ. ಅದಾದ ಮೇಲೆ ಶೋರೂಮಿನಲ್ಲಿ ‘ಇದು ಐದು ಕಿ.ಮೀ. ಹೆಚ್ಚು ಕೊಡುತ್ತದೆ ಸಾರ್’ ಎಂಬ ಮಾತಿಗೆ ಮರುಳಾಗಿ, ಬೆನ್ನಿಗೆ ಒಗ್ಗದ ಗಾಡಿಯನ್ನು ಮನೆಗೆ ತರಬೇಡಿ. 45ರ ಬದಲು 50 ಕೊಟ್ಟರೆ ನನಗೆ ಉಳಿಯುವುದು ತಿಂಗಳಿಗೆ 200 ರೂಪಾಯಿ. ಸೊಂಟನೋವಿಗೆ ಒಂದು ಸಲ ವೈದ್ಯರನ್ನು ಕಂಡು ಬಂದರೆ ಅದರ ಎರಡರಷ್ಟು ಹೋಗುತ್ತದೆ.

ಬಸ್ಸಿನಲ್ಲಿ ಹೋಗುತ್ತಿರುವವರಿಗೆ ಲೆಕ್ಕ ಬೇರೆ. ಬಸ್ ಬಿಟ್ಟು ಸ್ಕೂಟರ್ ಹತ್ತಿದರೆ ಇಂಧನ ಉಳಿಯುವುದಿಲ್ಲ, ಖರ್ಚು ಹೆಚ್ಚುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಓಡಾಡುತ್ತಿರುವ ಹೆಣ್ಣುಮಕ್ಕಳಿಗಂತೂ ಯಾವ ಸ್ಕೂಟರೂ ಅಗ್ಗವಲ್ಲ. ಅವರು ಸಮಯಕ್ಕಾಗಿ ಗಾಡಿ ಕೊಳ್ಳಬಹುದು; ಹಣ ಉಳಿಸುವುದಕ್ಕೆಂದು ಕೊಳ್ಳಬಾರದು.

ಪೆಟ್ರೋಲಿನ ಆಚೆಗೂ ಖರ್ಚಿದೆ. 75ರಿಂದ 150 ಸಿಸಿವರೆಗಿನ ದ್ವಿಚಕ್ರ ವಾಹನಕ್ಕೆ ಥರ್ಡ್ ಪಾರ್ಟಿ ವಿಮೆಯ ಮೂಲ ಕಂತು 2022ರಲ್ಲಿ ನಿಗದಿಯಾದಂತೆ ವರ್ಷಕ್ಕೆ 714 ರೂಪಾಯಿ. ಅದರ ಮೇಲೆ ತೆರಿಗೆ, ಸ್ವಂತ ಗಾಡಿಯ ಹಾನಿಗೆ ಬೇರೆ ಕಂತು, ಸರ್ವಿಸ್, ಟೈರ್, ಬ್ರೇಕ್ ಶೂ. ಎಲ್ಲಕ್ಕೂ ಸೇರಿ ತಿಂಗಳಿಗೆ 700 ರೂಪಾಯಿ ಎತ್ತಿಟ್ಟೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹಾಗಿದ್ದರೂ ತೆರಿಗೆ, ವಿಮೆ, ನೋಂದಣಿ ಸೇರಿದಾಗ ಹೊಸ ಸ್ಕೂಟರಿಗೆ ಲಕ್ಷದ ಆಸುಪಾಸಿನ ಮೊತ್ತವನ್ನೇ ಹಿಡಿದುಕೊಳ್ಳುವುದು ಕ್ಷೇಮ. ತಿಂಗಳಿಗೆ ನಿವ್ವಳ 5,400 ಉಳಿದರೆ ಆ ಲಕ್ಷ ವಾಪಸಾಗಲು ಹತ್ತೊಂಬತ್ತು ತಿಂಗಳು ಬೇಕು. ನಿಮ್ಮ ದಾರಿ ದಿನಕ್ಕೆ ಎಂಟೇ ಕಿ.ಮೀ. ಆಗಿದ್ದರೆ ಇದಕ್ಕೆ ಏಳೆಂಟು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಅಂಥವರು ಹಳೆಯ ಗಾಡಿಯನ್ನೋ ಸೈಕಲನ್ನೋ ಯೋಚಿಸುವುದು ವಾಸಿ.

ಹಂತ 2: ಕೊಳ್ಳುವ ಮೊದಲು ಎರಡು ವಾರ ಕಡ ತಂದು ಓಡಿಸಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕಾರಿನ ಎ.ಸಿ.ಯೊಳಗೆ ವರ್ಷಗಳಿಂದ ಕುಳಿತವರಿಗೆ ಮೈಸೂರು ರಸ್ತೆಯಲ್ಲಿ ವೃಷಭಾವತಿಯ ವಾಸನೆ ನೇರವಾಗಿ ಮೂಗಿಗೆ ಬಡಿದಾಗ ಬದುಕಿನ ನಿರ್ಧಾರಗಳ ಬಗ್ಗೆಯೇ ಅನುಮಾನ ಬರುತ್ತದೆ. ಬಿಸಿಲು, ದೂಳು, ಮಳೆ, ರಾತ್ರಿ ಎದುರು ಗಾಡಿಗಳ ಹೈಬೀಮ್ ಎಲ್ಲವನ್ನೂ ಒಮ್ಮೆ ಅನುಭವಿಸಿ ನೋಡಿ. ಎರಡು ವಾರದ ನಂತರವೂ ಬೆಳಿಗ್ಗೆ ಕೈ ಸ್ಕೂಟರಿನ ಕೀಲಿಯ ಕಡೆಗೇ ಹೋದರೆ ಮುಂದಿನ ಹಂತಕ್ಕೆ ಬನ್ನಿ. ಒಂದೇ ನಿಯಮ: ಆ ಎರಡು ವಾರದಲ್ಲಿ ಒಂದು ದಿನವಾದರೂ ಮಳೆ ಬಂದಿರಬೇಕು.

ಹಂತ 3: ಗಾಡಿಯ ಆಯ್ಕೆ

ದಾರಿಯಲ್ಲಿ ಸಿಗ್ನಲ್ ಹೆಚ್ಚು, ಕೈಯಲ್ಲಿ ಊಟದ ಡಬ್ಬಿ, ಬರುವಾಗ ತರಕಾರಿ ಎಂದಾದರೆ ಸ್ಕೂಟರ್. ಗುಂಡಿಗಳ ದಾರಿ, ಹೆದ್ದಾರಿಯ ಭಾಗ ಹೆಚ್ಚು, ದಿನಕ್ಕೆ 50 ಕಿ.ಮೀ. ಮೀರುತ್ತದೆ ಎಂದಾದರೆ ದೊಡ್ಡ ಚಕ್ರದ 100ರಿಂದ 125 ಸಿಸಿ ಮೋಟಾರ್ ಸೈಕಲ್. 150 ಸಿಸಿ ದಾಟಿದರೆ ಅದು ಶೋಕಿ. ಶೋಕಿ ತಪ್ಪಲ್ಲ, ಆದರೆ ಉಳಿತಾಯದ ಪುಸ್ತಕದಲ್ಲಿ ಅದನ್ನು ಬರೆಯುವಂತಿಲ್ಲ. 125 ಸಿಸಿಗಿಂತ ದೊಡ್ಡ ಗಾಡಿಗಳಿಗೆ ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಂಡು ಜಾರದಂತೆ ತಡೆಯುವ ಎಬಿಎಸ್, ಅದರ ಕೆಳಗಿನವಕ್ಕೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ಸಿಬಿಎಸ್ 2019ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ. ಹಳೆಯ ಗಾಡಿ ಕೊಳ್ಳುವವರು ಇದನ್ನು ಗಮನಿಸಬೇಕು.

ವಿದ್ಯುತ್ ಸ್ಕೂಟರಿನ ಲೆಕ್ಕ ಕಣ್ಣು ಕುಕ್ಕುವಂತಿದೆ. ಚಾರ್ಜಿಂಗಿನಲ್ಲಿ ಸೋರುವುದನ್ನೂ ಸೇರಿಸಿ ಒಂದು ಯೂನಿಟ್ಟಿಗೆ 25 ಕಿ.ಮೀ., ಯೂನಿಟ್ಟಿಗೆ ಎಂಟು ರೂಪಾಯಿ ಎಂದು ಕೈ ಬಿಗಿಹಿಡಿದು ಲೆಕ್ಕ ಹಾಕಿದರೂ ನನ್ನ 864 ಕಿ.ಮೀ.ಗೆ 280 ರೂಪಾಯಿ ಸಾಕು. ದಿನಕ್ಕೆ 36 ಕಿ.ಮೀ. ಓಡುವವರಿಗೆ ರೇಂಜಿನ ಚಿಂತೆಯೂ ಇಲ್ಲ. ನಾನು ಏಕೆ ಕೊಳ್ಳಲಿಲ್ಲ? ನಮ್ಮದು ಮೂರನೆಯ ಮಹಡಿ. ಕೆಳಗೆ ನನ್ನ ಮೀಟರಿನಿಂದ ಒಂದು ಸಾಕೆಟ್ ಎಳೆಸಿಕೊಳ್ಳಲು ಮಾಲೀಕರು ಒಪ್ಪಲಿಲ್ಲ. ಹಾಗಾಗಿ ವಿದ್ಯುತ್ ಸ್ಕೂಟರ್ ನೋಡಲು ಹೊರಡುವ ಮೊದಲು ನಿಮ್ಮ ಪಾರ್ಕಿಂಗ್ ಜಾಗದ ಗೋಡೆಯನ್ನು ನೋಡಿ ಬನ್ನಿ. ಅಲ್ಲಿ ಭೂಸಂಪರ್ಕವಿರುವ 16 ಆಂಪಿಯರಿನ ಸಾಕೆಟ್ ಇದ್ದರೆ, ಅಥವಾ ಹಾಕಿಸಲು ಅನುಮತಿ ಸಿಗುವಂತಿದ್ದರೆ, ಈ ಲೇಖನದ ಅರ್ಧ ಭಾಗ ನಿಮಗೆ ಬೇಕಾಗುವುದೇ ಇಲ್ಲ.

ನಾನು ಕೊಂಡದ್ದು ನಾಲ್ಕು ವರ್ಷದ ಹಳೆಯ ಸ್ಕೂಟರ್. ಹಳೆಯದು ಕೊಳ್ಳುವಾಗ ಆರ್‌ಸಿಯಲ್ಲಿನ ಎಂಜಿನ್ ಮತ್ತು ಚಾಸಿ ಸಂಖ್ಯೆಯನ್ನು ಗಾಡಿಯ ಮೇಲಿನದರೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಿ. ಎಂ-ಪರಿವಾಹನ್ ಆ್ಯಪ್‌ನಲ್ಲಿ ವಿಮೆ ಎಲ್ಲಿಯವರೆಗಿದೆ, ಸಾಲದ ಒತ್ತೆ ಇದೆಯೇ ಎಂದು ನೋಡಿ. ಒತ್ತೆ ಇದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಮಾಲೀಕತ್ವ ಬದಲಾವಣೆಗೆ ನಮೂನೆ 29 ಮತ್ತು 30. ಬಾಕಿ ಇರುವ ಸಂಚಾರ ದಂಡವನ್ನೂ ನೋಡಿ. ಬೆಂಗಳೂರಿನಲ್ಲಿ ಗಾಡಿಯ ಬೆಲೆಗೇ ಸ್ಪರ್ಧೆ ಕೊಡುವಷ್ಟು ದಂಡ ಉಳಿಸಿಕೊಂಡ ಸ್ಕೂಟರುಗಳು ಓಡಾಡುತ್ತಿವೆ. ಇಷ್ಟಾದ ಮೇಲೆ ತಣ್ಣಗಿರುವ ಎಂಜಿನ್ನನ್ನು ನೀವೇ ಶುರುಮಾಡಿ. ನೀವು ಬರುವ ಮೊದಲೇ ಮಾಲೀಕರು ಗಾಡಿ ಬಿಸಿ ಮಾಡಿಟ್ಟಿದ್ದರೆ ಅದಕ್ಕೊಂದು ಕಾರಣ ಇರುತ್ತದೆ.

ಹಂತ 4: ಟ್ಯಾಂಕಿನಿಂದ ಟ್ಯಾಂಕಿಗೆ ಅಳತೆ

ಇನ್ನು ನೋಟ್‌ಬುಕ್ಕಿನ ಕೆಲಸ. ಮೀಟರಿನ ಪರದೆ ತೋರಿಸುವ ಮೈಲೇಜನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ನಿಜವಾದ ಅಳತೆ ಹೀಗಿದೆ.

ಒಂದೇ ಬಂಕಿಗೆ ಹೋಗಿ, ಆದಷ್ಟು ಒಂದೇ ಪಂಪಿನಲ್ಲಿ ಹಾಕಿಸಿ. ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನಳಿಗೆ ತಾನಾಗಿ ಮೊದಲ ಸಲ ಕಟ್ ಆದಾಗ ನಿಲ್ಲಿಸಲು ಹೇಳಿ. ‘ಇನ್ನೂ ಸ್ವಲ್ಪ ಹಿಡಿಯುತ್ತದೆ’ ಎಂದು ಕತ್ತಿನವರೆಗೆ ತುಂಬಿಸಬೇಡಿ: ಪೆಟ್ರೋಲ್ ಬಿಸಿಗೆ ಹಿಗ್ಗುತ್ತದೆ, ಮೇಲಾಗಿ ಈಗಿನ ಹೊಗೆ ನಿಯಮದ (ಬಿಎಸ್6) ಗಾಡಿಗಳಲ್ಲಿ ಪೆಟ್ರೋಲಿನ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಯೊಂದಿದ್ದು, ಅದಕ್ಕೆ ದ್ರವ ಹೋದರೆ ಹಾಳಾಗುತ್ತದೆ. ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಎಂದಿನಂತೆ ಓಡಿಸಿ, ಮತ್ತೆ ಅಲ್ಲೇ ಅದೇ ರೀತಿ ತುಂಬಿಸಿ. ಈ ಸಲ ಹಿಡಿದ ಲೀಟರಿನಿಂದ ಓಡಿದ ಕಿ.ಮೀ.ಯನ್ನು ಭಾಗಿಸಿ.

ನನ್ನ ಪುಸ್ತಕದ ಒಂದು ಸಾಲು: 231.6 ಕಿ.ಮೀ., 4.92 ಲೀಟರ್, 47.1. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಶನಿವಾರ ಹಿಂದೆ ಅಮ್ಮ, ಬುಧವಾರ ಮಳೆ’ ಎಂದಿದೆ. ಈ ಪಕ್ಕದ ಟಿಪ್ಪಣಿ ಅಂಕಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಒಂದು ಟ್ಯಾಂಕಿನ ಫಲಿತಾಂಶವನ್ನು ನಂಬಬೇಡಿ, ಮೂರರ ಸರಾಸರಿ ತೆಗೆಯಿರಿ. ಯಾವ ಬದಲಾವಣೆ ಮಾಡಿದರೂ ಒಂದು ಸಲಕ್ಕೆ ಒಂದೇ ಮಾಡಿ. ಎಣ್ಣೆ, ಪ್ಲಗ್, ಟೈರು ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೂ ತಿಳಿಯುವುದಿಲ್ಲ.

ಹಂತ 5: ಭಾನುವಾರದ ಇಪ್ಪತ್ತು ನಿಮಿಷ

ಒಮ್ಮೆ ಎರಡು ಟ್ಯಾಂಕ್ ಸತತವಾಗಿ 41ಕ್ಕೆ ಇಳಿಯಿತು. ಎಂಜಿನ್ ಕೈಕೊಟ್ಟಿತೆಂದು ಹೆದರಿ ಒಂದು ಗ್ಯಾರೇಜಿಗೆ ಹೋದೆ. ‘ಕ್ಲಚ್ ಬದಲಿಸಬೇಕು, ಮೂರು ಸಾವಿರ ಆಗುತ್ತದೆ’ ಎಂದರು. ನಾಳೆ ಬರುತ್ತೇನೆಂದು ಹೇಳಿ, ಮನೆಗೆ ಬಂದು ಗೇಜ್ ಹಚ್ಚಿ ನೋಡಿದರೆ ಹಿಂದಿನ ಚಕ್ರದಲ್ಲಿ 18 ಪಿಎಸ್‌ಐ! (ಪಿಎಸ್‌ಐ ಎಂದರೆ ನಮಗೆ ಠಾಣೆಯ ಸಬ್ ಇನ್‌ಸ್ಪೆಕ್ಟರ್ ನೆನಪಾಗುತ್ತಾರೆ, ಇಲ್ಲಿ ಅದು ಗಾಳಿಯ ಒತ್ತಡದ ಅಳತೆ. ಇಬ್ಬರಿಗೂ ವಾರಕ್ಕೊಮ್ಮೆ ನಮಸ್ಕಾರ ಹಾಕಿದರೆ ನಷ್ಟವಿಲ್ಲ.) ಇರಬೇಕಾದದ್ದು 29. ಗಾಳಿ ತುಂಬಿಸಿದ ಮೇಲೆ ಮುಂದಿನ ಟ್ಯಾಂಕ್ 45.8. ಕ್ಲಚ್ ಇಂದಿಗೂ ಹಳೆಯದೇ.

ಆದ್ದರಿಂದ ಇಡೀ ಪಟ್ಟಿಯಲ್ಲಿ ಒಂದನ್ನೇ ಮಾಡುತ್ತೇನೆ ಎನ್ನುವವರು ಗಾಳಿಯನ್ನು ಆರಿಸಿಕೊಳ್ಳಿ. ನನ್ನ ಸ್ಕೂಟರಿಗೆ ಮುಂದೆ 22, ಹಿಂದೆ 29. ಹಿಂದೆ ಒಬ್ಬರು ಕುಳಿತರೆ 36. ನಿಮ್ಮ ಗಾಡಿಯ ಅಂಕಿ ಕೈಪಿಡಿಯಲ್ಲೋ ಗಾಡಿಗೆ ಅಂಟಿಸಿದ ಚೀಟಿಯಲ್ಲೋ ಇರುತ್ತದೆ. ವಾರಕ್ಕೊಮ್ಮೆ, ಟೈರ್ ತಣ್ಣಗಿರುವಾಗ ನೋಡಿ. ಹತ್ತು ಕಿ.ಮೀ. ಓಡಿಸಿ ಬಿಸಿಯಾದ ಟೈರು ಹೆಚ್ಚಿನ ಅಂಕಿ ತೋರಿಸಿ ಮೋಸ ಮಾಡುತ್ತದೆ. ಮೈಲೇಜ್ ಆಸೆಗೆ ಕೈಪಿಡಿ ಹೇಳಿದ್ದಕ್ಕಿಂತ ಹೆಚ್ಚು ತುಂಬಿಸಿದರೆ ಮಳೆಯಲ್ಲಿ ಟೈರಿನ ಹಿಡಿತ ತಪ್ಪುತ್ತದೆ. ಸಾರಜನಕ ತುಂಬಿಸುವ ಅಗತ್ಯವಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿಯೇ ಅದು ಶೇ 78ರಷ್ಟಿದೆ.

ಗಾಳಿಯಾದ ಮೇಲೆ ಬ್ರೇಕ್. ನಡು ಸ್ಟ್ಯಾಂಡ್ ಹಾಕಿ, ಎಂಜಿನ್ ಆರಿಸಿ, ಚಕ್ರಗಳನ್ನು ಕೈಯಿಂದ ತಿರುಗಿಸಿ. ‘ಸರ್ ಸರ್’ ಎಂದು ಉಜ್ಜುತ್ತ ತಕ್ಷಣ ನಿಂತರೆ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ. ಸರ್ವಿಸ್ ಆದ ಮರುದಿನವೇ ಇದನ್ನು ನೋಡಬೇಕು, ಏಕೆಂದರೆ ಕೆಲವರು ‘ಬ್ರೇಕ್ ಟೈಟ್ ಮಾಡಿದ್ದೇನೆ’ ಎಂದು ಹೆಮ್ಮೆಯಿಂದ ಚಕ್ರವನ್ನೇ ಕಟ್ಟಿಹಾಕಿ ಕಳುಹಿಸುತ್ತಾರೆ.

ಮೋಟಾರ್ ಸೈಕಲ್ ಇದ್ದವರಿಗೆ ಸರಪಳಿ ಇದೆ. ಒಣಗಿದ, ಕೆಸರು ಮೆತ್ತಿದ ಸರಪಳಿ ಎಂಜಿನ್ನಿನ ಶಕ್ತಿಯನ್ನು ದಾರಿಯಲ್ಲೇ ತಿನ್ನುತ್ತದೆ. ಸುಮಾರು 500 ಕಿ.ಮೀ.ಗೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ, ಒರೆಸಿ ಎಣ್ಣೆ ಹಾಕಿ. ಸಡಿಲವನ್ನು ಕೈಪಿಡಿ ಹೇಳಿದಷ್ಟೇ ಇಡಿ. ಹೆಚ್ಚಿನ ಗಾಡಿಗಳಿಗೆ ಅದು 25ರಿಂದ 30 ಮಿ.ಮೀ. ಸುತ್ತಮುತ್ತ. ಎಂಜಿನ್ ಓಡುತ್ತಿರುವಾಗ ಬಟ್ಟೆ ಹಿಡಿದು ಸರಪಳಿ ಒರೆಸಬೇಡಿ. ಪೀಣ್ಯದಲ್ಲಿ ಯಂತ್ರಗಳ ನಡುವೆ ಬದುಕುವವರಿಗೆ ಬೆರಳು ಹೋಗಲು ಎಷ್ಟು ಹೊತ್ತು ಸಾಕೆಂದು ಹೇಳಿಕೊಡಬೇಕಾಗಿಲ್ಲ.

ಉಳಿದವು ತಿಂಗಳುಗಳ ಲೆಕ್ಕದವು. ಎಂಜಿನ್ ಆಯಿಲ್ ಕೈಪಿಡಿ ಹೇಳಿದ ದರ್ಜೆಯದೇ ಇರಲಿ; ಮಂದವಾದದ್ದು ಹಾಕಿದರೆ ‘ಎಂಜಿನ್ ಗಟ್ಟಿಯಾಗುತ್ತದೆ’ ಎಂಬುದು ಸುಳ್ಳು, ಎಂಜಿನ್ ಅದನ್ನು ಕಲಕಲಿಕ್ಕೇ ಹೆಚ್ಚು ಪೆಟ್ರೋಲ್ ಸುಡುತ್ತದೆ. ಈಗಿನ ಅನೇಕ ಸ್ಕೂಟರುಗಳ ಏರ್ ಫಿಲ್ಟರ್ ಎಣ್ಣೆಯಂಶ ಸೇರಿಸಿದ ಕಾಗದದ್ದು. ಅದನ್ನು ಗಾಳಿ ಹೊಡೆದು ಸ್ವಚ್ಛ ಮಾಡುವಂತಿಲ್ಲ, ಬದಲಿಸಬೇಕು. ದೂಳಿನ ದಾರಿಯವರು ಕೈಪಿಡಿಯ ಅವಧಿಗಿಂತ ಮೊದಲೇ ಬದಲಿಸುವುದು ಒಳ್ಳೆಯದು. ಆಯುಧಪೂಜೆಗೆ ತೊಳೆದು ಕುಂಕುಮ ಹಚ್ಚಿದ್ದನ್ನೇ ವರ್ಷದ ಸರ್ವಿಸ್ ಎಂದು ತಿಳಿದವರು ನಮ್ಮ ಬೀದಿಯಲ್ಲೇ ಮೂವರಿದ್ದಾರೆ. ಅವರ ಗಾಡಿಗಳು ನಿಂಬೆಹಣ್ಣಿನ ಮೇಲೇ ಓಡುತ್ತಿವೆ ಎಂದು ಕಾಣುತ್ತದೆ.

ಹಂತ 6: ಬಲಗೈ ಮಣಿಕಟ್ಟಿನ ಶಿಸ್ತು

ಗಾಡಿ ಸರಿಯಿದ್ದ ಮೇಲೆ ಉಳಿದ ಪೆಟ್ರೋಲೆಲ್ಲ ನಿಮ್ಮ ಬಲಗೈಯಲ್ಲಿದೆ. ನನ್ನ ದಾರಿಯ ಒಂದು ತುಂಡನ್ನೇ ತೆಗೆದುಕೊಳ್ಳೋಣ. ನಾಯಂಡಹಳ್ಳಿಯಲ್ಲಿ ಎಡಕ್ಕೆ ತಿರುಗಿ ಹೊರ ವರ್ತುಲ ರಸ್ತೆ ಹಿಡಿದರೆ ನಾಗರಬಾವಿ, ಸುಮನಹಳ್ಳಿ, ಲಗ್ಗೆರೆ, ಗೊರಗುಂಟೆಪಾಳ್ಯ. ಹಸಿರು ಬಿದ್ದ ಕೂಡಲೇ ಪಕ್ಕದ ಹುಡುಗ ಎಕ್ಸಲರೇಟರ್ ಪೂರ್ತಿ ತಿರುಗಿಸಿ ಬಾಣದಂತೆ ಹೋಗುತ್ತಾನೆ. ನಾನು ಹತ್ತು ಎಣಿಸುವಷ್ಟರಲ್ಲಿ 40ಕ್ಕೆ ಮುಟ್ಟುವಂತೆ ನಿಧಾನವಾಗಿ ತಿರುಗಿಸುತ್ತೇನೆ. ಮುಂದಿನ ಕೆಂಪು ದೂರದಿಂದ ಕಂಡೊಡನೆ ಕೈ ಪೂರ್ತಿ ಸಡಿಲಿಸಿ ಗಾಡಿಯನ್ನು ಅದರ ಪಾಡಿಗೆ ಉರುಳಲು ಬಿಡುತ್ತೇನೆ. ಅವನು ಅಲ್ಲಿ ಬ್ರೇಕ್ ಹಿಡಿದು ನಿಂತಿರುತ್ತಾನೆ. ನಾನು ಪಕ್ಕಕ್ಕೆ ಹೋಗಿ ಸೇರುವ ಹೊತ್ತಿಗೆ ಎಷ್ಟೋ ಸಲ ಹಸಿರು ಬಂದಿರುತ್ತದೆ. ಬ್ರೇಕ್ ಹಿಡಿದ ಪ್ರತಿ ಸಲವೂ ನೀವು ಹಣ ಕೊಟ್ಟು ಗಳಿಸಿದ ವೇಗವನ್ನು ಬಿಸಿ ಮಾಡಿ ಗಾಳಿಗೆ ತೂರುತ್ತೀರಿ.

ಫ್ಯೂಯೆಲ್ ಇಂಜೆಕ್ಷನ್ ಇರುವ ಗಾಡಿಗಳಲ್ಲಿ ಇನ್ನೊಂದು ಲಾಭವಿದೆ. ವೇಗದಲ್ಲಿರುವಾಗ ಎಕ್ಸಲರೇಟರ್ ಪೂರ್ತಿ ಬಿಟ್ಟರೆ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮುವುದೇ ನಿಲ್ಲುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ಅದಕ್ಕೇ ಮೋಟಾರ್ ಸೈಕಲಿನವರು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು ಹಳೆಯ ಕಾಲದ ಜಾಣತನ. ನ್ಯೂಟ್ರಲ್‌ನಲ್ಲಿ ಎಂಜಿನ್ ಉರಿಯುತ್ತಲೇ ಇರಲು ಪೆಟ್ರೋಲ್ ಬೇಕು, ಜೊತೆಗೆ ಎಂಜಿನ್ ಬ್ರೇಕಿನ ಹಿಡಿತವೂ ಹೋಗುತ್ತದೆ.

ಸ್ಕೂಟರಿನವರ ದೊಡ್ಡ ತಪ್ಪು, ತೆವಳುವ ದಟ್ಟಣೆಯಲ್ಲಿ ಬ್ರೇಕ್ ಅರ್ಧ ಹಿಡಿದು ಎಕ್ಸಲರೇಟರನ್ನೂ ಅರ್ಧ ತಿರುಗಿಸಿಕೊಂಡಿರುವುದು. ಸ್ಕೂಟರಿನ ಕ್ಲಚ್ ಎಂಜಿನ್ ವೇಗ ಏರಿದಾಗ ತಾನಾಗಿ ಹಿಡಿಯುವಂಥದ್ದು. ಅರ್ಧಂಬರ್ಧ ಹಿಡಿಸಿದರೆ ಅದು ಉಜ್ಜಿ ಬಿಸಿಯಾಗುತ್ತದೆ. ಮುಂದಿನವರು ಒಂದು ಗಾಡಿಯುದ್ದ ಸರಿಯುವವರೆಗೆ ಕಾದು, ಒಮ್ಮೆಗೆ ಮುಂದೆ ಹೋಗಿ, ಮತ್ತೆ ಕೈ ಬಿಡಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ, ಅದರ ಕರೆಂಟು ಅವರದು.

ವೇಗ 40ರಿಂದ 50ರ ನಡುವೆ ಸ್ಥಿರವಾಗಿರಲಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 40ರಲ್ಲಿ ಇದ್ದ ತಡೆ 80ರಲ್ಲಿ ನಾಲ್ಕು ಪಟ್ಟು. ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಿದ್ದರೆ ಎಂಜಿನ್ ಆರಿಸಿ. ನಿಂತಲ್ಲಿ ಉರಿಯುವ ಪೆಟ್ರೋಲಿನ ಮೈಲೇಜ್ ಸೊನ್ನೆ. ಸಿಗ್ನಲ್ಲಿನಲ್ಲಿ ಟೈಮರ್ ಇದ್ದರೆ ಸುಲಭ, ಇಲ್ಲದಿದ್ದರೆ ಎರಡು ವಾರದಲ್ಲಿ ನಿಮ್ಮ ದಾರಿಯ ಸಿಗ್ನಲ್ಲುಗಳು ಬಾಯಿಪಾಠವಾಗುತ್ತವೆ.

ಹಂತ 7: ಹೊರಡುವ ಹೊತ್ತು ಮತ್ತು ದಾರಿ

ಬೆಳಿಗ್ಗೆ 8.30ಕ್ಕೆ ಹೊರಟಾಗ ನನಗೆ ಒಂದು ಗಂಟೆ ಹಿಡಿಯುತ್ತಿತ್ತು. 7.15ಕ್ಕೆ ಹೊರಟರೆ 38 ನಿಮಿಷ. ಪುಸ್ತಕದ ಪ್ರಕಾರ ಇದೊಂದೇ ಬದಲಾವಣೆ ಲೀಟರಿಗೆ ಮೂರು ಕಿ.ಮೀ. ಹೆಚ್ಚಿಸಿತು. ಉಳಿದ ಹೊತ್ತಿನಲ್ಲಿ ಕಾರ್ಖಾನೆಯ ಎದುರಿನ ದರ್ಶಿನಿಯಲ್ಲಿ ಇಡ್ಲಿ ತಿನ್ನುತ್ತೇನಾದ್ದರಿಂದ ಉಳಿತಾಯ ಅಲ್ಲಿಗೆ ಸರಿಹೋಗುತ್ತದೆ, ಅದು ಬೇರೆ ಮಾತು.

ಹತ್ತಿರದ ದಾರಿ ಅಗ್ಗದ ದಾರಿಯೇ ಆಗಬೇಕೆಂದಿಲ್ಲ, ಖಾಲಿ ದಾರಿಯೂ ಅಷ್ಟೇ. ಕೆಂಗೇರಿಯಿಂದ ನೈಸ್ ರಸ್ತೆ ಹಿಡಿದು ತುಮಕೂರು ರಸ್ತೆಗೆ ಹೋಗಿ ನೋಡಿದೆ. ಸಿಗ್ನಲ್ ಇಲ್ಲ, ಆದರೆ ಸುತ್ತು ಹೆಚ್ಚು, ದ್ವಿಚಕ್ರಕ್ಕೂ ಟೋಲ್, ಖಾಲಿ ರಸ್ತೆ ಕಂಡಾಗ ವೇಗ ತಾನಾಗಿ 70 ದಾಟುತ್ತದೆ. ಒಂದು ವಾರದಲ್ಲಿ ಬಿಟ್ಟೆ. ಬಿಡದಿ ಕಡೆಯಿಂದ ಬರುವವರು ನೆನಪಿಡಬೇಕಾದದ್ದು: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯ ಸಮಯವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಅದೇ ದಾರಿಯ ಸಹೋದ್ಯೋಗಿ ಸಿಕ್ಕರೆ ಹಿಂದೆ ಕೂರಿಸಿಕೊಳ್ಳಿ. ಮೈಲೇಜ್ ಎರಡು ಮೂರು ಕಿ.ಮೀ. ಇಳಿಯಬಹುದು, ತಲೆಗೆ ಬೀಳುವ ಪೆಟ್ರೋಲ್ ಮಾತ್ರ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಮೊದಲೇ ಹೇಳಿದಂತೆ ಹಿಂದಿನ ಟೈರಿನ ಗಾಳಿ ಏರಿಸಿಕೊಳ್ಳಿ, ಅವರಿಗೊಂದು ಹೆಲ್ಮೆಟ್ ಇರಲಿ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಅದು ಕಡ್ಡಾಯ.

ಹಂತ 8: ಬಂಕಿನಲ್ಲಿ

ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಪೆಟ್ರೋಲ್ ಹೆಚ್ಚು ಸಿಗುತ್ತದೆ ಎನ್ನುತ್ತಾರೆ. ಟ್ಯಾಂಕ್ ನೆಲದಡಿಯಲ್ಲಿದೆ, ಅಲ್ಲಿನ ಉಷ್ಣಾಂಶ ಬೆಳಿಗ್ಗೆ ಮಧ್ಯಾಹ್ನಕ್ಕೆ ಅಷ್ಟೇನೂ ಬದಲಾಗುವುದಿಲ್ಲ. 100ರ ಬದಲು 110 ರೂಪಾಯಿಗೆ ಹಾಕಿಸುವ ತಂತ್ರದಲ್ಲೂ ಹುರುಳಿಲ್ಲ. ಮೀಟರ್ ಸೊನ್ನೆಯಿಂದ ಶುರುವಾಯಿತೇ ಎಂದು ನೋಡುವುದು ಮುಖ್ಯ. ಅಳತೆಯ ಮೇಲೆ ಅನುಮಾನ ಬಂದರೆ ಬಂಕಿನಲ್ಲಿ ಇರಲೇಬೇಕಾದ, ಮುದ್ರೆ ಹಾಕಿದ 5 ಲೀಟರಿನ ಅಳತೆ ಪಾತ್ರೆಯಲ್ಲಿ ಹಾಕಿ ತೋರಿಸಲು ಕೇಳುವ ಹಕ್ಕು ಗ್ರಾಹಕರಿಗಿದೆ. ದುಬಾರಿ ‘ಪವರ್’ ಪೆಟ್ರೋಲ್ ನಮ್ಮ 110 ಸಿಸಿ ಎಂಜಿನ್ನುಗಳಿಗೆ ಬೇಡ. ಮೈಲೇಜ್ ಹೆಚ್ಚಿಸುವ ಅಯಸ್ಕಾಂತ, ಮಾತ್ರೆ, ಕಿಟ್ ಇತ್ಯಾದಿಗಳು ಮಾರುವವರ ಮೈಲೇಜನ್ನು ಮಾತ್ರ ಹೆಚ್ಚಿಸುತ್ತವೆ.

ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಶಕ್ತಿಯಿದೆ, ಹಾಗಾಗಿ ಮೈಲೇಜ್ ಸ್ವಲ್ಪ ತಗ್ಗಿದರೆ ಗಾಡಿಯನ್ನು ದೂರಬೇಡಿ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಹಳೆಯ ಕಾರ್ಬುರೇಟರ್ ಗಾಡಿ ಇದ್ದವರು ಮಳೆಗಾಲದಲ್ಲಿ ಅರೆಖಾಲಿ ಟ್ಯಾಂಕಿನೊಂದಿಗೆ ಅದನ್ನು ವಾರಗಟ್ಟಲೆ ನಿಲ್ಲಿಸಬಾರದು. ರಬ್ಬರ್ ಕೊಳವೆ, ಸೀಲುಗಳನ್ನು ಸರ್ವಿಸ್ ಸಮಯದಲ್ಲಿ ನೋಡಿಸಬೇಕು.

ಹಂತ 9: ಉಳಿತಾಯದಲ್ಲಿ ಮುಟ್ಟಬಾರದ ಹಣ

ಮೊದಲ ತಿಂಗಳು ಉಳಿದ ಆರು ಸಾವಿರದಲ್ಲಿ ಅರ್ಧವನ್ನು ಮೈಮೇಲೆ ಹಾಕಿಕೊಳ್ಳುವುದಕ್ಕೆ ಖರ್ಚು ಮಾಡಿ. ಐಎಸ್ 4151 ಸಂಖ್ಯೆ ಮತ್ತು ಐಎಸ್‌ಐ ಗುರುತು ಇರುವ ಪೂರ್ಣ ಮುಖದ ಹೆಲ್ಮೆಟ್; 2021ರ ಜೂನ್‌ನಿಂದ ದೇಶದಲ್ಲಿ ಆ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ, ಆದರೂ ರಸ್ತೆಬದಿಯಲ್ಲಿ ಬಕೆಟ್ಟಿಗಿಂತ ತೆಳುವಾದವು ನೇತಾಡುತ್ತಿರುತ್ತವೆ. ತಲೆಗೆ ಬಿಗಿಯಾಗಿ ಕೂರಬೇಕು, ಕೆನ್ನೆ ಸ್ವಲ್ಪ ಒತ್ತಬೇಕು, ಪಟ್ಟಿ ಹಾಕಿರಲೇಬೇಕು. ಮೊಣಕೈಗೆ ಪ್ಯಾಡ್ ಇರುವ ಹಗುರ ಜಾಕೆಟ್, ಹಿಮ್ಮಡಿ ಮುಚ್ಚುವ ಬೂಟು, ದೂಳಿಗೆ ಎನ್95 ಮಾಸ್ಕ್. ಸೀರೆ, ದುಪಟ್ಟಾ ಚಕ್ರಕ್ಕೆ ಸಿಗದಂತೆ ಗಂಟು ಹಾಕಿಕೊಳ್ಳುವುದನ್ನು ಹಿಂದೆ ಕೂರುವವರಿಗೆ ಪ್ರತಿ ಸಲ ನೆನಪಿಸಿ. ಮಳೆಗೆ ಹೊದೆಯುವಂಥ ಕೋಟು ಬೇಡ, ಗಾಳಿಗೆ ಹಾಯಿಯಂತೆ ಉಬ್ಬಿ ಎಳೆಯುತ್ತದೆ. ಅಂಗಿ-ಪ್ಯಾಂಟಿನ ಎರಡು ತುಂಡಿನದೇ ಇರಲಿ.

ಬೇಸಿಗೆಯ ಕೊನೆಯ ಮೊದಲ ಮಳೆಯ ಮೊದಲ ಹದಿನೈದು ನಿಮಿಷ ಎಲ್ಲಕ್ಕಿಂತ ಅಪಾಯದ್ದು. ತಿಂಗಳುಗಟ್ಟಲೆ ರಸ್ತೆ ಕುಡಿದ ಎಣ್ಣೆ, ದೂಳು ಒಟ್ಟಿಗೆ ಮೇಲೆ ತೇಲುತ್ತವೆ. ಆಗ ಯಾವುದಾದರೂ ಚಹಾ ಅಂಗಡಿಯ ಮುಂದೆ ನಿಲ್ಲಿ. ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಮೆಟ್ರೊ ಕಾಮಗಾರಿಯ ಕಬ್ಬಿಣದ ಹಲಗೆಯ ಮೇಲೆ ಗಾಡಿಯನ್ನು ವಾಲಿಸಬೇಡಿ, ಬ್ರೇಕ್ ಒತ್ತಬೇಡಿ. ನೀರು ನಿಂತ ಅಂಡರ್‌ಪಾಸಿಗೆ ಇಳಿಯಲೇಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರಿನೊಳಗಿದ್ದ ಯುವತಿಯೇ ಜೀವ ಕಳೆದುಕೊಂಡಳು, ಸ್ಕೂಟರಿನ ಮಾತೇನು.

ಹಂತ 10: ಗಾಡಿ ತೆಗೆಯದ ದಿನಕ್ಕೂ ಒಂದು ಯೋಜನೆ

ಆಕಾಶ ಕಪ್ಪಾಗಿದ್ದರೆ, ಜ್ವರವಿದ್ದರೆ, ರಾತ್ರಿ ನಿದ್ದೆ ಕೆಟ್ಟಿದ್ದರೆ ಸ್ಕೂಟರನ್ನು ಮುಟ್ಟುವುದಿಲ್ಲ. ಕೆಂಗೇರಿಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಪೀಣ್ಯದಲ್ಲಿ ಇಳಿಯುತ್ತೇನೆ. ಸ್ಕೂಟರಿಗಿಂತ ಖರ್ಚು ಹೆಚ್ಚು, ಕಾರಿಗಿಂತ ಕಡಿಮೆ. ಮಳೆಗಾಲದ ತಿಂಗಳುಗಳಲ್ಲಿ ಇಂಥ ಆರೇಳು ದಿನಗಳನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಂಡಿರುತ್ತೇನೆ.

ಕಾರನ್ನು ಮಾರಲಿಲ್ಲ. ಅಪ್ಪನ ಆಸ್ಪತ್ರೆಗೆ, ಊರಿಗೆ ಅದು ಬೇಕು. ಮೊದಲ ತಿಂಗಳು ಅದನ್ನು ಮರೆತು ಬ್ಯಾಟರಿ ಪೂರ್ತಿ ಕುಸಿದು, ಹೊಸದಕ್ಕೆ ಹಣ ಸುರಿದೆ. ಈಗ ಪ್ರತಿ ಭಾನುವಾರ ಸ್ಕೂಟರಿನ ಗಾಳಿ ನೋಡಿದ ಮೇಲೆ ಕಾರನ್ನು ಅರ್ಧ ಗಂಟೆ ಓಡಿಸಿ ತರಕಾರಿ ತರುತ್ತೇನೆ. ನೋಟ್‌ಬುಕ್ಕಿನ ಹಿಂಬದಿಯಲ್ಲಿ ಅದಕ್ಕೂ ಒಂದು ಪುಟವಿದೆ: ಕಳೆದ ತಿಂಗಳು ಕಾರು, 61 ಕಿ.ಮೀ., 5.4 ಲೀಟರ್.